ಓಟದ ಸಾಲಿನಲ್ಲಿ ನಡೆದ ಶೇಖಪ್ಪ

ಬಾದಾಮಿ ಕಡೆಯ ವೆಲ್ಡರ್ ಶೇಖಪ್ಪ ಹದಿನಾಲ್ಕು ವರ್ಷದಿಂದ ಕತಾರಿನಲ್ಲಿದ್ದ. ಅದರಲ್ಲಿ ಹತ್ತು ವರ್ಷ ಕಂಪನಿಯ ಫುಟ್‌ಬಾಲ್ ತಂಡಕ್ಕೆ ಅವನೇ ಗೋಲ್‌ಕೀಪರ್. ಒಂದು ಶುಕ್ರವಾರ ಚೆಂಡಿಗೆ ಹಾರಿ ಬಿದ್ದವನ ಎಡ ಪಾದದ ಕೀಲು ಮುರಿಯಿತು. ಮೂಳೆ ಕೂಡಿತು, ಆದರೆ ಡಾಕ್ಟರು ಖಡಾಖಂಡಿತವಾಗಿ ಹೇಳಿದರು: "ಓಡೋದು, ಜಿಗಿಯೋದು ಖಲಾಸ್. ನಡೀಬಹುದು, ಅಷ್ಟೇ." ನಲವತ್ತೊಂದರ ಶೇಖಪ್ಪ ಅಂದಿನಿಂದ ಸಂಜೆ ಮೈದಾನಕ್ಕೆ ಬೆನ್ನು ಹಾಕಿ ಕೂರತೊಡಗಿದ.

ಅವನ ಬೆಸುಗೆಗಳನ್ನು ಪರೀಕ್ಷಿಸಲು ಹೊಸ ಇನ್ಸ್‌ಪೆಕ್ಟರ್ ಬಂದ. ಹೆಸರು ಸೆಗುಂದೊ, ಊರು ಈಕ್ವೆಡಾರಿನ ಕ್ವೆಂಕಾ. ವಿಶ್ವಕಪ್ಪಿನ ಮೊದಲ ಪಂದ್ಯದಲ್ಲೇ ಕತಾರನ್ನು ಸೋಲಿಸಿದ ದೇಶದವನು. ಮಾತು ಫುಟ್‌ಬಾಲಿಗೆ ಹೊರಳಿದಾಗ ಶೇಖಪ್ಪ ತನ್ನ ಕಾಲು ತೋರಿಸಿದ. ಸೆಗುಂದೊ ನಕ್ಕ.

"ನಮ್ಮಲ್ಲೂ ಹುಚ್ಚು ಫುಟ್‌ಬಾಲಿನದೇ. ಆದರೆ ದೇಶಕ್ಕೆ ಒಲಿಂಪಿಕ್ಸಿನ ಮೊದಲ ಚಿನ್ನ ತಂದವನು ನಮ್ಮೂರಿನವನು. ನಡೆದು ಗೆದ್ದ!"

ಅವನ ಫೋನಿನಲ್ಲಿ ಶೇಖಪ್ಪ ಆ ನಡಿಗೆ ಸ್ಪರ್ಧೆ ನೋಡಿದ. ಒಂದು ಪಾದ ಸದಾ ನೆಲದ ಮೇಲಿರಬೇಕು, ಮುಂದಿಟ್ಟ ಕಾಲಿನ ಮೊಣಕಾಲು ಮಡಿಸಕೂಡದು, ಇಷ್ಟೇ ನಿಯಮ. ಮರುದಿನವೇ ಶಿಫ್ಟು ಮುಗಿಸಿ ಇಂಡಸ್ಟ್ರಿಯಲ್ ಏರಿಯಾದ ಕಾರ್ಮಿಕರ ಕ್ಯಾಂಪಿನ ಗೋಡೆ ಸುತ್ತ ಸೊಂಟ ಹೊರಳಿಸುತ್ತ ನಡೆಯತೊಡಗಿದ. ಕ್ಯಾಂಪಿಗೆ ಕ್ಯಾಂಪೇ ನಕ್ಕಿತು. ಮೈಸೂರಿನ ತಿರುಮಲೇಶ್, ಕ್ಯಾಂಪಿನ ಮೇಲ್ವಿಚಾರಕ, ಕರೆಸಿ ಕೇಳಿದ.

"ಏನ್ರೀ ಇದು, ಹೆಂಗಸರ ಥರ? ಎಲ್ಲಾರೂ ವಿಡಿಯೊ ಮಾಡ್ತಿದ್ದಾರೆ. ಮರ್ಯಾದೆ ನೋಡ್ಕೊಳ್ಳಿ."

"ಹೆಂಗಸ್ರು ಹಿಂಗ ನಡದ್ರ ಯಾವ ಗಂಡಸೂ ಹಿಡಿಯಾಕ ಆಗಂಗಿಲ್ರೀ ಸರ್," ಎಂದು ಶೇಖಪ್ಪ ಹೊರಟುಬಂದ. ಐದು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ.

ಫೆಬ್ರವರಿಯ ಕ್ರೀಡಾ ದಿನಕ್ಕೆ ಕಂಪನಿ ಐದು ಕಿಲೋಮೀಟರ್ ಓಟ ಇಟ್ಟಿತು. ಶೇಖಪ್ಪ ಹೆಸರು ಕೊಡಲು ಹೋದರೆ ತಿರುಮಲೇಶ್ ತಲೆಯಾಡಿಸಿದ. "ಇದು ಓಟ. ನಂಬರ್ ಕೊಡಲ್ಲ."

"ನಿಮ್ಮ ನೋಟಿಸಿನ ಹಾಳ್ಯಾಗ ಐದು ಕಿಲೋಮೀಟರ್ ಮುಟ್ಟಬೇಕು ಅಂತ ಐತಿ. ಓಡೇ ಮುಟ್ಟಬೇಕು ಅಂತ ಎಲ್ಲೈತ್ರೀ?"

ನಂಬರ್ ಸಿಗಲೇ ಇಲ್ಲ. ಓಟದ ಬೆಳಿಗ್ಗೆ ಶೇಖಪ್ಪ ನಂಬರಿಲ್ಲದ ಅಂಗಿಯಲ್ಲೇ ಸಾಲಿನ ಕೊನೆಗೆ ನಿಂತ. ಸೀಟಿ ಊದಿದ್ದೇ ತೊಂಬತ್ತೆರಡು ಮಂದಿ ಧೂಳೆಬ್ಬಿಸಿ ಓಡಿದರು, ಅವನೊಬ್ಬ ಹಿಂದೆ ಉಳಿದ. ಮೂರನೇ ಕಿಲೋಮೀಟರಿಗೆ ಓಡಿದವರಲ್ಲಿ ಹಲವರು ಸೊಂಟ ಹಿಡಿದು ಏದುಸಿರು ಬಿಡುತ್ತಿದ್ದರು. ಶೇಖಪ್ಪ ಒಬ್ಬೊಬ್ಬರನ್ನೇ ದಾಟಿದ. ಕೀಲು ಸುಡುತ್ತಿತ್ತು. ಕೊನೆಯಲ್ಲಿ ಒಬ್ಬ ಪಕ್ಕಕ್ಕೆ ಬಂದು ಮುಂದಾದಾಗ ನಾಲ್ಕು ಹೆಜ್ಜೆ ಓಡಿಬಿಡುವ ಆಸೆಯಾಯಿತು. ಹಲ್ಲು ಕಚ್ಚಿ, ಪಾದ ನೆಲ ಬಿಡದಂತೆ ನಡೆದೇ ಗೆರೆ ದಾಟಿದ. ಗೆರೆ ಬಳಿ ನಿಂತಿದ್ದ ಸೆಗುಂದೊ ಎಣಿಸಿದ್ದ: ಮೂವತ್ತೇಳನೆಯವನು.

"ನಂಬರ್ ಇಲ್ಲ, ಲಿಸ್ಟಲ್ಲಿ ಬರಲ್ಲ," ಎಂದ ಫಲಿತಾಂಶ ಬರೆಯುತ್ತಿದ್ದ ತಿರುಮಲೇಶ್.

ಶೇಖಪ್ಪ ಅವನ ಮೇಜಿನ ಮುಂದೆ ಗಟ್ಟಿಯಾಗಿ ನಿಂತ. "ಬರಿಯೂ ತನಕ ನಾ ಕದಲಂಗಿಲ್ಲ."

ಹೆಸರು ಬರೆಸಲು ಶೇಖಪ್ಪನ ಬೆನ್ನಿಗೇ ಸಾಲಿನಲ್ಲಿದ್ದವನು ಮಂಗಳೂರಿನ ಕ್ರೇನ್ ಚಾಲಕ ಜಾಬಿರ್. ಕ್ಯಾಂಪಿನ ಗೋಡೆ ಬದಿ ನಿಂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನೂ ಅವನೇ. "ಇವರು ನನ್ನನ್ನು ದಾಟಿ ಹೋದದ್ದು ನಾನೇ ನೋಡಿದ್ದೇನೆ ಸರ್. ಇವರ ಹೆಸರು ಇಲ್ಲದಿದ್ದರೆ ನನ್ನದೂ ಬೇಡ," ಎಂದ. ಹಿಂದಿದ್ದ ಇನ್ನಿಬ್ಬರು, "ನಮ್ಮದೂ ಬೇಡ. ಯಲ್ಲಾ, ಬೇಗ ಬರೀರಿ," ಎಂದರು.

ತಿರುಮಲೇಶ್ ಪೆನ್ನು ತೆಗೆದು ಬರೆದ: ಮೂವತ್ತೇಳು, ಶೇಖಪ್ಪ.

"ಹೆಸರಿನ ಮುಂದ 'ನಡೆದು' ಅಂತ ಸೇರಸ್ರೀ," ಎಂದ ಶೇಖಪ್ಪ.

ಅದನ್ನೂ ಬರೆಯಿಸಿಕೊಂಡೇ ಅವನು ನೀರು ಕುಡಿಯಲು ಹೋದದ್ದು.