ಅಂಜುಬುರುಕರ ಸೀಟು

ಜೀಪಿನ ಚಕ್ರದಿಂದ ‘ಬುಸ್’ ಎಂಬ ಸದ್ದು ಬಂದದ್ದೇ ತಡ, ದರ್ಜಿ ಒಂದೇ ನೆಗೆತಕ್ಕೆ ಬಾನೆಟ್ಟಿನ ಮೇಲಿದ್ದ. ಹಾವಲ್ಲ, ಗಾಳಿ. ಮರಳಿಗಿಳಿಯುವ ಮುನ್ನ ಟೈರಿನ ಗಾಳಿ ಕಡಿಮೆ ಮಾಡದಿದ್ದರೆ ಗಾಡಿ ಹೂತುಹೋಗುತ್ತದೆಂದು ಅವನ ಭಾವ, ಅಂದರೆ ಅಕ್ಕನ ಗಂಡ, ಆಗತಾನೇ ವಿವರಿಸಿದ್ದರು. ಆಗ ಅವನು ತನ್ನ ಹೊಸ ಕಪ್ಪು ಕನ್ನಡಕದ ಅಂದವನ್ನು ಸೈಡ್ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ. ಹಿಂದಿನ ಸೀಟಿನಲ್ಲಿದ್ದ ಪ್ರವಾಸಿ ಗಂಡಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾನೆಟ್ಟು ಕಾದಿದ್ದರಿಂದ ದರ್ಜಿ ಹತ್ತಿದಷ್ಟೇ ವೇಗವಾಗಿ ಇಳಿದ. ಇಳಿಯುವಾಗ ಪ್ಯಾಂಟಿನ ಹಿಂಭಾಗ ಹರಿಯಿತು. ಅದೂ ಸ್ವಂತ ಹೊಲಿಗೆ.

ಭಾವ ಮಾತ್ರ ನಗಲಿಲ್ಲ. ಹತ್ತಿರ ಬಂದು, ಅಂಗಡಿಯಲ್ಲಿ ಬಟ್ಟೆ ಆರಿಸುವವರಂತೆ ಅವನ ಮುಖವನ್ನು ನೋಡಿದರು.

“ನೀನು ಮುಂದೆ ಕೂತ್ಕೋ. ಆ ಕನ್ನಡಕ ತೆಗೆದು ಜೇಬಲ್ಲಿಟ್ಕೋ.”

“ಬಿಸ್ಲು, ಭಾವ.”

“ಇರ್ಲಿ ಬಿಡು.”

ಅಂಜುಬುರುಕರನ್ನು ಮುಂದೆ ಕೂರಿಸುವುದು ಭಾವ ಈಚೆಗೆ ಶುರುಮಾಡಿದ ಪದ್ಧತಿ. ಗ್ಯಾರೇಜಿನಲ್ಲಿ ನಟ್ಟು ಬೋಲ್ಟು ತೊಳೆಯುತ್ತ ಬೆಳೆದು, ಪ್ರವಾಸಿಗಳಿಗೆ ಮರಳುದಿಬ್ಬ ಹತ್ತಿಸಿ ಡೇರೆಗೆ ಮುಟ್ಟಿಸುವ ಡ್ರೈವರಾದ ಅವರು ಒಂದು ಗಾಡಿಯನ್ನೂ ಉರುಳಿಸಿದವರಲ್ಲ. ಮಾತಿನಲ್ಲಿ ಮಹಾ ಜಿಪುಣರು. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಡಬ್ಬಿಯನ್ನೇ ದಿಟ್ಟಿಸುತ್ತ ಕೂರುವ ಮನುಷ್ಯ. ಆದರೆ ಈಚೆಗೆ ಮನೆಯ ಗೇಟಿಗೆ ಎರಡೆರಡು ಸಲ ಜೀಪು ತಾಗಿಸಿದ್ದರು. ರಸ್ತೆಯ ಆಚೆಯಿಂದ ಕೈಬೀಸಿದ ಸ್ವಂತ ಹೆಂಡತಿಯನ್ನು ಯಾರೋ ಗಿರಾಕಿಯೆಂದುಕೊಂಡು “ನಾಳೆ ಬನ್ನಿ” ಅಂದಿದ್ದರು. ಡಾಕ್ಟರಿಗೆ ಕಣ್ಣು ತೋರಿಸಿ ಅಂದರೆ, ಸೂಜಿಗೆ ದಾರ ಪೋಣಿಸಿ ಅವಳ ಕೈಗಿತ್ತಿದ್ದರು. ಹತ್ತಿರದ್ದಕ್ಕೆ ತಕರಾರಿರಲಿಲ್ಲ.

“ನೀನೊಂದ್ಸಲ ಜೊತೆಗೆ ಹೋಗಿ ಬಾ,” ಎಂದು ಅಕ್ಕ ತಮ್ಮನನ್ನು ಅಟ್ಟಿದ್ದಳು. “ದೂರದ್ದು ಕಾಣ್ಸುತ್ತೋ ಇಲ್ವೋ, ಅಷ್ಟು ಹೇಳು. ಇಲ್ಲ ಅಂದ್ರೆ ಜೀಪಿನ ಕೀ ಬಾವಿಗೆ ಹಾಕ್ತೀನಿ.”

ಗಾಳಿಯೆದ್ದಿತ್ತು. ಜೀಪಿನ ಚಕ್ರದ ಗುರುತು ನೋಡುನೋಡುತ್ತಲೇ ಅಳಿಸಿಹೋಗುತ್ತಿತ್ತು. ಧೂಳು ಮುಸುಕಿದ ಆಕಾಶಕ್ಕೂ ಮರಳಿಗೂ ಒಂದೇ ಬಣ್ಣ, ನೆರಳೆಂಬುದೇ ಇಲ್ಲ. ಬಟ್ಟೆಯ ಒಂದೇ ಥಾನಿನಿಂದ ಕತ್ತರಿಸಿ ಜೋಡಿಸಿದಂತಿತ್ತು. ಹೊಲಿಗೆ ಎಲ್ಲಿದೆಯೆಂದು ದರ್ಜಿಗೂ ಹೊಳೆಯಲಿಲ್ಲ.

ಮೊದಲ ದಿಬ್ಬ ದಾಟಿದ ಮೇಲೆ ಅವನು ಬರೀ ಮರಳಿನ ಕಡೆಗೆ ಬೆರಳು ತೋರಿಸಿದ.

“ಅಲ್ನೋಡಿ ಭಾವ, ಒಂಟೆ.”

“ಹೂಂ. ವಯಸ್ಸಾಗಿದೆ ಪಾಪ,” ಅಂದರು ಭಾವ.

“ಎಲ್ಲಿ, ಎಲ್ಲಿ?” ಎಂದು ಪ್ರವಾಸಿ ಹೆಂಗಸು ಕತ್ತು ಚಾಚಿದಳು.

“ಹೋಯ್ತು,” ಅಂದ ದರ್ಜಿ. ಮುಂದಿದ್ದ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಗಾಡಿ ನಿಲ್ಲಿಸಿ ಅನ್ನೋಣವೆಂದರೆ ಹಿಂದೆ ಗಿರಾಕಿಗಳು. ಈ ಡ್ರೈವರಿಗೆ ಕಣ್ಣು ಕಾಣದೆಂಬ ಮಾತು ಪೇಟೆ ಮುಟ್ಟಿದರೆ ಭಾವನ ಬದುಕು ಮುಗಿಯಿತು. ಅನ್ನದಿದ್ದರೆ ನಾಲ್ವರದೂ ಮುಗಿಯಿತು. ಇಷ್ಟು ಸರಳವಾದ ಲೆಕ್ಕವನ್ನು ಅವನು ದಾರಿಯುದ್ದಕ್ಕೂ ಮಾಡುತ್ತಲೇ ಇದ್ದ.

ಕೊನೆಯ ದಿಬ್ಬ ಎಲ್ಲಕ್ಕಿಂತ ಎತ್ತರ. ಅದರ ಆಚೆ ಮಗ್ಗುಲು ಗೋಡೆಯಂತೆ ಕಡಿದಾಗಿ ಇಳಿಯುತ್ತದೆ, ನೆತ್ತಿಯಲ್ಲಿ ನಿಂತು ಎಡಕ್ಕೆ ತಿರುಗಲೇಬೇಕು ಎಂದು ಅಕ್ಕ ಹೇಳಿದ್ದಳು. ಭಾವ ಆಕ್ಸಿಲರೇಟರ್ ಒತ್ತಿದರು. ಎಂಜಿನ್ ಅರಚಿತು. ಗಾಜಿನ ತುಂಬ ಬರೀ ಆಕಾಶ, ಅಥವಾ ಬರೀ ಮರಳು. ಭಾವ ಒಮ್ಮೆ ಅವನತ್ತ ತಿರುಗಿದರು, ಧೈರ್ಯ ಹೇಳುವುದಕ್ಕೇನೋ.

ಮುಂದೆ ಮರಳು ಇದ್ದಕ್ಕಿದ್ದಂತೆ ಮುಗಿದುಹೋಯಿತು. ದರ್ಜಿಯ ಬಾಯಿ ತೆರೆಯಿತು, ದನಿ ಹೊರಡಲಿಲ್ಲ.

ಬ್ರೇಕ್ ಬಿತ್ತು.

ಜೀಪಿನ ಮೂತಿ ಶೂನ್ಯದ ಮೇಲೆ ಚಾಚಿಕೊಂಡಿತ್ತು. ಚಕ್ರದಡಿಯ ಮರಳು ಸೊರಸೊರನೆ ಕೆಳಗೆ ಜಾರುತ್ತಿತ್ತು, ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಹಿಂದಿನ ಸೀಟಿನವರು ಚಪ್ಪಾಳೆ ತಟ್ಟಿದರು. ಭಾವ ಗಾಡಿಯನ್ನು ತುಸು ಹಿಂದೆ ತಂದು, ಎಡಕ್ಕೆ ತಿರುಗಿಸಿ, ಕತ್ತಲಾಗುವ ಮುನ್ನ ಡೇರೆ ಮುಟ್ಟಿಸಿದರು.

ಪ್ರವಾಸಿಗಳು ತಮ್ಮ ಡೇರೆಯೊಳಗೆ ಹೋದ ಮೇಲೆ ದರ್ಜಿ ಟವೆಲ್ ಸುತ್ತಿಕೊಂಡು ಹರಿದ ಪ್ಯಾಂಟು ಹಿಡಿದು ಕೂತ. ಸೂಜಿಗೆ ದಾರ ಹೋಗಲೊಲ್ಲದು. ಭಾವ ಸೂಜಿಯನ್ನು ಕಸಿದುಕೊಂಡು ಒಂದೇ ಸಲಕ್ಕೆ ಪೋಣಿಸಿದರು.

“ಭಾವ,” ಅಂದ ಅವನು ಕೊನೆಗೂ. “ಅಲ್ಲಿ ಒಂಟೆ ಇರ್ಲಿಲ್ಲ.”

“ಗೊತ್ತಾಯ್ತು ಬಿಡು.”

“ಮತ್ತೆ ಆ ಅಂಚು? ಅದು ನಿಮಗೆಲ್ಲಿ ಕಾಣಿಸ್ತು?”

ಭಾವ ದಾರಕ್ಕೆ ಗಂಟು ಹಾಕಿ ಸೂಜಿ ವಾಪಸು ಕೊಟ್ಟರು.

“ನಿನ್ನ ಮುಖದಲ್ಲಿ. ನಾಳೆ ಹೋಗ್ವಾಗ್ಲೂ ಮುಂದೆನೇ ಕೂತ್ಕೋ.”