ತುಕ್ಕಿಗೊಂದು ಕಾಲಂ

ಮೊನ್ನೆ ಕಾರವಾರದ ಒಂದು ಐಸ್ ಫ್ಯಾಕ್ಟರಿಯಲ್ಲಿ ಹಳೆಯ ಸರ್ವರಿನ ಮುಚ್ಚಳ ಬಿಚ್ಚಿದರು. ಒಳಗಿನಿಂದ ಒದ್ದೆ ಕಬ್ಬಿಣದ, ಉಪ್ಪಿನ, ಸುಟ್ಟ ವೈರಿನ ವಾಸನೆ ಒಟ್ಟಿಗೇ ಬಂತು. ಉಳಿದವರು ಮೂಗು ಮುಚ್ಚಿಕೊಂಡರೆ ನಾನು ಇನ್ನಷ್ಟು ಹತ್ತಿರ ಹೋಗಿ ನಿಂತೆ. ಬಿಚ್ಚುತ್ತಿದ್ದವನು ಒಂದು ಥರ ನೋಡಿದ. ನೋಡಲಿ ಬಿಡಿ. ಕೋಡಿಬಾಗದ ಮಾಮನ ಅಂಗಿಗೆ, ಕೈಚೀಲಕ್ಕೆ, ಸ್ಕೂಟರಿನ ಡಿಕ್ಕಿಗೆ ಇದೇ ವಾಸನೆ ಇತ್ತು...

ಮಾಮ ನನಗೆ ನೆಂಟರೇನಲ್ಲ. ನನ್ನ ಅವ್ವನ ತವರುಮನೆ ಕೋಡಿಬಾಗದಲ್ಲಿ, ಅವರದು ಪಕ್ಕದ ಮನೆ. ಅದಕ್ಕೇ ಮಾಮ. ಡಿಗ್ರಿ ಮುಗಿಸಿ ಅಂಕೋಲೆಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ಈ ಕೆಲಸಕ್ಕೆ ಹಚ್ಚಿದವರು ಅವರೇ. ಕೆಲಸ ಕೇಳಿದರೆ ಈಗಲೂ ಜನ ನಗುತ್ತಾರೆ. ಈ ಕರಾವಳಿಯ ಯಾವ ಉದ್ಯಮದವರು ಸರ್ವರಿಗೆ ಎಷ್ಟು ಖರ್ಚು ಮಾಡಿದರು, ಮುಂದೆ ಎಷ್ಟು ಮಾಡುತ್ತಾರೆ ಎಂದು ಕೇಳಿ ಬರೆದು, ವರ್ಷಕ್ಕೆ ಎರಡು ಸಲ ದೂರದ ಶಹರದ ಒಂದು ಕಂಪನಿಗೆ ಕಳಿಸುವುದು. ಸರ್ವರ್ ಅಂದರೆ ಇಡೀ ಕಚೇರಿಯ ಲೆಕ್ಕ, ದಾಖಲೆ ಎಲ್ಲವನ್ನೂ ಹೊತ್ತುಕೊಂಡಿರುವ ದೊಡ್ಡ ಕಂಪ್ಯೂಟರು. ಬ್ಯಾಂಕು, ಆಸ್ಪತ್ರೆ, ಕಾರ್ಖಾನೆ, ಕಾಲೇಜು, ಒಂದೊಂದಕ್ಕೆ ಒಂದೊಂದು ಕಾಲಂ. ಯಂತ್ರ ಮಾರುವವರು ಆ ಅಂಕಿ ನೋಡಿಕೊಂಡು ಎಲ್ಲಿ ಅಂಗಡಿ ಹಾಕಬೇಕು, ಎಲ್ಲಿ ರಿಪೇರಿಯವರನ್ನು ಇಡಬೇಕು ಎಂದು ಠರಾಯಿಸುತ್ತಾರಂತೆ.

ಮಾಮನ ಸ್ಕೂಟರಿನ ಹಿಂದೆ ಕೂತು ಹೆದ್ದಾರಿಯ ಧೂಳು ಕುಡಿದು ಕುಡಿದು ನನಗೆ ತಿಳಿದದ್ದು ಇಷ್ಟು: ನಮ್ಮ ಜನ ಸರ್ವರನ್ನು ತಮ್ಮ ತಮ್ಮ ಸರಕಿನ ಹಾಗೇ ಸಾಕುತ್ತಾರೆ. ಗೋಡಂಬಿಗೆ ಶತ್ರು ಎಂದರೆ ತೇವ. ಹಾಗಾಗಿ ಅಂಕೋಲೆಯ ಗೋಡಂಬಿ ಕಾರ್ಖಾನೆಯವರು ಸರ್ವರನ್ನು ಬೀಜ ಒಣಗಿಸುವ ಬಿಸಿ ಕೋಣೆಯ ಪಕ್ಕದಲ್ಲಿಟ್ಟಿದ್ದರು, ಅದು ಬೆಂದು ಸತ್ತಿತು. ಐಸ್ ಫ್ಯಾಕ್ಟರಿಯವರಿಗೆ ಸೆಕೆಯೇ ಶತ್ರು. ಅವರು ಮಂಜಿನ ಕೋಣೆಗೆ ತಾಗಿಸಿ ಇಟ್ಟರು, ಒಳಗೆಲ್ಲ ನೀರಾಡಿ ಸತ್ತಿತು. ಹಿಲ್ಲೂರಿನ ಕಡೆಯ ಒಂದು ಸೊಸೈಟಿಯವರು ಅಡವಿಟ್ಟ ಬಂಗಾರದ ಜೊತೆ ತಿಜೋರಿ ಕೋಣೆಯಲ್ಲಿ ಬೀಗ ಹಾಕಿಟ್ಟಿದ್ದರು, ಉಸಿರು ಕಟ್ಟಿ ಸತ್ತಿತು. ಇದೆಲ್ಲ ತಪ್ಪಿಸಿಕೊಂಡು ಉಳಿದದ್ದನ್ನು ಕಡಲಗಾಳಿ ತಿನ್ನುತ್ತಿತ್ತು. ಮಾಮ ಹೋದಲ್ಲೆಲ್ಲ ಹೀಗಲ್ಲ, ಹೀಗೆ ಇಡಿ ಎಂದು ಹೇಳುತ್ತಿದ್ದರು. ಯಜಮಾನರು ಚಾ ಕೊಟ್ಟು, ಕಾಲ ಬಂದರೆ ಇಶಾಡ ಮಾವು ಕೊಟ್ಟು, ಹೂಂ ಎಂದು ತಲೆಯಾಡಿಸಿ, ಮತ್ತೆ ಅಲ್ಲಿಯೇ ಇಡುತ್ತಿದ್ದರು. ತಮ್ಮ ಸರಕು ಕಾಯುವುದು ಹೇಗೆಂದು ಇವರಿಗೆ ಹೇಳಿಕೊಡಬೇಕೇ?

ಸತ್ತದ್ದರ ಜಾಗಕ್ಕೆ ಹೊಸದು ಬರುತ್ತಿತ್ತು. ನಾವು ಖರ್ಚು ಬರೆದು ಕಳಿಸುತ್ತಿದ್ದೆವು. ಮೇಲಿನ ಕಚೇರಿಯವರಿಗೆ ಖುಷಿಯೋ ಖುಷಿ. ನಿಮ್ಮ ಕರಾವಳಿ ಭಾರೀ ಬೆಳೆಯುತ್ತಿದೆ ಎಂದು ಫೋನಿನಲ್ಲಿ ಹೊಗಳುತ್ತಿದ್ದರು. ಮಾಮನಿಗೆ ಮೈ ಉರಿಯುತ್ತಿತ್ತು.

"ಇದು ಬೆಳವಣಿಗೆ ಅಲ್ಲ ತಂಗಿ, ತುಕ್ಕು. ಅದೇ ಗಿರಾಕಿ, ಸತ್ತದ್ದರ ಬದ್ಲಿಗೆ ಮತ್ತೊಂದು ತಕ್ಕಂಡ, ಅಷ್ಟೇ. ಎಂತಕ್ಕೆ ತಕ್ಕಂಡ ಅಂತ ಬರೀಲಿಕ್ಕೆ ಒಂದು ಕಾಲಂ ಕೊಡಿ ಅಂದ್ರೆ ಇವ್ರ ಗಂಟೆಂತ ಹೋಗ್ತದೆ?"

ಆ ಒಂದು ಕಾಲಮ್ಮಿಗಾಗಿ ಅವರು ಕೇಳಿದ್ದೇ ಕೇಳಿದ್ದು. ಇಲ್ಲಿಗೆ ಬೇಕಾದದ್ದು ಹೊಸ ಯಂತ್ರವಲ್ಲ, ಕಾರವಾರದಲ್ಲೊಬ್ಬ ರಿಪೇರಿಯವ, ಅವನ ಕೈಯಲ್ಲಿ ನಾಲ್ಕು ಬಿಡಿಭಾಗ ಎಂದು ಪ್ರತಿ ಸಲವೂ ಬರೆದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕಡೆಗೆ ನಮ್ಮ ಅಂಕಿ ನೋಡಿಯೇ ಇರಬೇಕು, ಕಾರವಾರದಲ್ಲಿ ಗಾಜಿನ ಬಾಗಿಲಿನ ಒಂದು ದೊಡ್ಡ ಅಂಗಡಿ ಬಂತು. ಹೊಸ ಯಂತ್ರ ಎಷ್ಟು ಬೇಕಾದರೂ ಸಿಗುತ್ತಿತ್ತು. ರಿಪೇರಿ ಕೇಳಿದರೆ ಹುಬ್ಬಳ್ಳಿಯ ನಂಬರು ಬರೆದುಕೊಟ್ಟರು. ಮಾಮ ಆ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದರು.

ಮಾಮಿಗೆ ಮೂತ್ರಪಿಂಡದ ಕಾಯಿಲೆ. ಅಂಕೋಲೆಯ ಒಂದು ಆಸ್ಪತ್ರೆಯಲ್ಲಿ ಬಹಳ ವರ್ಷದಿಂದ ತೋರಿಸುತ್ತಿದ್ದರು. ಯಾವ ಔಷಧಿ ಆಗಿಬರುತ್ತದೆ, ಯಾವುದು ಕೊಟ್ಟರೆ ಜೀವಕ್ಕೆ ಅಪಾಯ ಎಲ್ಲವೂ ಅಲ್ಲಿಯ ಸರ್ವರಿನಲ್ಲಿತ್ತು. ಕಾಗದ ಇಟ್ಟುಕೊಳ್ಳುವುದು ಬೇಡ, ಎಲ್ಲ ಕಂಪ್ಯೂಟರಿನಲ್ಲಿ ಭದ್ರ ಇದೆ ಎಂದಿದ್ದರು, ಇವರೂ ನಂಬಿದ್ದರು. ಒಂದು ಮಳೆಗಾಲದಲ್ಲಿ ಮಾಮಿಗೆ ಜೋರಾಗಿ, ಅಲ್ಲಿಗೆ ಕರೆದುಕೊಂಡು ಹೋದಾಗ ಸರ್ವರ್ ಸತ್ತು ಕೂತಿತ್ತು. ಬೋರ್ಡಿಗೆ ತುಕ್ಕು. ಬಿಡಿಭಾಗ ಹುಬ್ಬಳ್ಳಿಯಿಂದ ಬರಬೇಕು, ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್. ಡಾಕ್ಟರರು ಯಾವ ಔಷಧಿ ಕೊಡಲೂ ಹೆದರಿ, ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಶುರುಮಾಡಿದರು. ಮಾಮ ವರಾಂಡದ ಬೆಂಚಿನ ಮೇಲೆ ಕೂತೇ ಇದ್ದರು. ಬಿಡಿಭಾಗ ಬರುವಷ್ಟರಲ್ಲಿ ಮಾಮಿ ಇರಲಿಲ್ಲ.

ದಾಖಲೆ ಸಿಕ್ಕಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಡಾಕ್ಟರರಿಗೂ ಹೇಳಲಾಗಲಿಲ್ಲ. ಮಾಮ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನನಗಾದರೂ ಸ್ವಲ್ಪ ಹಗುರಾಗುತ್ತಿತ್ತು...

ಕೆಲ ತಿಂಗಳಾದ ಮೇಲೆ ಮತ್ತೆ ಸರ್ವೆ ಬಂತು. ಆ ಆಸ್ಪತ್ರೆಗೆ ನೀವು ಹೋಗಬೇಡಿ, ನಾನೇ ಕೇಳಿಕೊಂಡು ಬರುತ್ತೇನೆ ಎಂದೆ.

"ಬ್ಯಾಡ ತಂಗಿ," ಅಂದರು. "ಮೊದ್ಲಿಂದ ಅದು ನನ್ನ ಪಾಲಿಂದೇ ಅಲ್ದಾ. ನಾನೇ ಕೇಳ್ಕಂಡ್ ಬತ್ತೆ."

ಹೋದರು. ನಾನೂ ಜೊತೆಗೆ ಹೋದೆ. ಆಸ್ಪತ್ರೆಯವರು ಕೊಟ್ಟ ಚಾ ಕುಡಿದು, ಮಾಮ ಹೊಸ ಸರ್ವರಿಗೆ ಎಷ್ಟಾಯಿತು, ಮುಂದಿನ ವರ್ಷ ಇನ್ನೂ ಏನಾದರೂ ಕೊಳ್ಳುವವರೋ ಎಂದು ಒಂದೂ ಬಿಡದೆ ಕೇಳಿ ಬರೆದುಕೊಂಡರು. ಹೊರಗೆ ಬಂದು ಸ್ಕೂಟರಿನ ಕೀ ನನ್ನತ್ತ ಚಾಚಿದರು. ನಾನೇ ಓಡಿಸಿದೆ. ಲೆಕ್ಕ ಕಳಿಸಿದ ಮೇಲೆ ಮೇಲಿನ ಕಚೇರಿಯ ಹುಡುಗಿ ಫೋನು ಮಾಡಿ, ಆಸ್ಪತ್ರೆ ಕಾಲಮ್ಮಿನಲ್ಲಿ ನಿಮ್ಮದೇ ಎಲ್ಲರಿಗಿಂತ ಮುಂದೆ ಎಂದು ಅಭಿನಂದನೆ ಹೇಳಿದಳು. ಅವಳಿಗೇನು ಗೊತ್ತು ಪಾಪ. ಮಾಮ "ಹೌದಮ್ಮ" ಎಂದಷ್ಟೇ ಹೇಳಿ ಫೋನು ನನ್ನ ಕೈಗೆ ಕೊಟ್ಟರು. ಆಮೇಲೆ ಅವರು ಕಾಲಂ ಕೇಳುವುದನ್ನೇ ಬಿಟ್ಟರು. ಹಾಗೇ ಎರಡು ವರ್ಷ ತಿರುಗಾಡಿ, ಒಂದು ದಿನ ಮಲಗಿದವರು ಏಳಲಿಲ್ಲ.

ಈಗ ಈ ತಿರುಗಾಟ ನನ್ನೊಬ್ಬಳದೇ. ಸಾಕಾಗಿದೆ, ನಿಜ ಹೇಳಬೇಕೆಂದರೆ. ಬಿಟ್ಟರೂ ಹೊಟ್ಟೆಪಾಡು ನಡೆಯಬೇಕಲ್ಲ. ದಾರಿಯಲ್ಲಿ ಬೈದುಕೊಳ್ಳಲಿಕ್ಕೆ ಜೊತೆಗೊಂದು ಜನ ಇಲ್ಲ ಎನ್ನುವುದೇ ಎಲ್ಲಕ್ಕಿಂತ ಸಂಕಟ. ಕಾಲಮ್ಮಿಗಾಗಿ ನಾನೂ ಬರೆಯುತ್ತೇನೆ, ಪರಿಶೀಲಿಸುತ್ತೇವೆ ಎಂದು ಉತ್ತರ ಬರುತ್ತದೆ.

ನಿನ್ನೆ ಮಾಮಿಯ ಆಸ್ಪತ್ರೆಗೆ ಹೋಗಿದ್ದೆ. ಮತ್ತೆ ಹೊಸ ಸರ್ವರ್ ತಂದಿದ್ದಾರೆ. ಎಷ್ಟಾಯಿತು ಎಂದು ಕೇಳಿದೆ, ಹೇಳಿದರು, ಬರೆದೆ. ಮಾಮಿ ತೀರಿಕೊಂಡ ವರ್ಷಕ್ಕಿಂತಲೂ ಈ ಸಲ ಜಾಸ್ತಿ ಬೆಳೆದಿದ್ದೇವೆ.