ಹಿಮದ ಬಳ್ಳಿಯ ಹಾಸು

ಸೊನ್‌ಕೋಲ್ ಕೆರೆಯ ಮೇಲಿನ ಹುಲ್ಲುಗಾವಲಿನಲ್ಲಿ ಕುದುರೆಹಾಲು ಕರೆಯುವುದರಲ್ಲಿ ಜಿಪಾರಳನ್ನು ಮೀರಿಸಿದವರಿರಲಿಲ್ಲ. ಅದಕ್ಕೇ ಕೂಡುಬೇಸಾಯದ ಸಂಘದವರು ಅವಳಿಗೊಂದು ಕ್ಯಾಮೆರಾ ಬಹುಮಾನ ಕೊಟ್ಟಿದ್ದರು. ಮೊದಲ ಬೇಸಗೆ ಅವಳು ಹಸಿರು ಹುಲ್ಲಿನ ನಡುವೆ ಅರಳಿದ ಕೆಂಪು ಹೂಗಳ ಚಿತ್ರ ತೆಗೆದಳು. ಆ ಕಪ್ಪುಬಿಳುಪು ರೀಲು ತೊಳೆದು ನೋಡಿದರೆ ಹೂವೂ ಇಲ್ಲ, ಹುಲ್ಲೂ ಇಲ್ಲ, ಎಲ್ಲ ಒಂದೇ ಬೂದಿ.

"ಬೂದಿ ಚಿತ್ರ ತೆಗೆಯೋಕೆ ಗುಡ್ಡ ಯಾಕೆ ಹತ್ತಿದ್ಯೇ? ಒಲೆ ಇಲ್ಲೇ ಇತ್ತಲ್ಲ!" ಎಂದು ಗಂಡನ ಅಕ್ಕ ಸೈರಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಅಂದಿನಿಂದ ಜಿಪಾರ್ ಬಣ್ಣ ಬಿಟ್ಟು ನೋಡುವುದನ್ನು ಕಲಿತಳು. ಕಣ್ಣು ಅರೆಮುಚ್ಚಿದರೆ ಬೆಳಕು, ನೆರಳು ಮಾತ್ರ ಉಳಿಯುತ್ತಿದ್ದವು. ಇಳಿಬಿಸಿಲಿಗೆ ಬಂಡೆಯ ಮೇಲಿನ ಕಲ್ಲುಹೂವು ಒಣಮೊಸರಿನ ಉಂಡೆಯ ಹಾಗೆ ಒರಟೊರಟು; ನಡುಹಗಲಿಗೆ ಅದೇ ಬಂಡೆ ಬರೀ ನುಣುಪು.

ಈ ವರ್ಷ ಮಗಳು ಕಲಿಪಾಳ ಮದುವೆ. ಅವಳಿಗೆ ಕೊಡುವ ನೆಲಹಾಸಿಗಾಗಿ ಕರಿ, ಬಿಳಿ ಉಣ್ಣೆಯ ದಪ್ಪ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಒಟ್ಟಿಗೇ ಕತ್ತರಿಸಿ, ಕರಿಯ ತುಂಡನ್ನು ಬಿಳಿಯಲ್ಲೂ ಬಿಳಿಯದನ್ನು ಕರಿಯಲ್ಲೂ ಕೂಡಿಸಿ ಹೊಲಿಯಬೇಕು. ಕತ್ತರಿಸುವವಳು ಸೈರಾ. ಎದುರಿನ ಕರಿಗುಡ್ಡದಲ್ಲಿ ಕರಗದೆ ಉಳಿದ ಹಿಮದ ಗೆರೆಗಳು ಬಳ್ಳಿಯ ಹಾಗೆ ಹಬ್ಬಿದ್ದವು; ಆ ಬಳ್ಳಿಯೇ ಹಾಸಿನ ಚಿತ್ತಾರವಾಗಬೇಕೆಂದು ಜಿಪಾರಳ ಆಸೆ.

ಸೈರಾ ಗುಡ್ಡ ನೋಡಿ ಮುಖ ತಿರುವಿದಳು. "ನಂಗೆ ಕಾಣೋದು ಕೆಸರು, ಹುಲ್ಲು, ಕೊಳಕು ಹಿಮ. ಬಳ್ಳಿ ಎಲ್ಲಿದ್ಯೇ? ತೋರಿಸು, ಆಮೇಲೆ ಕತ್ತರಿ ಹಿಡೀತೀನಿ."

ಜಿಪಾರ್ ಚಿತ್ರ ತೆಗೆದಳು. ರೀಲು ತೊಳೆಯಲು ಒಲೆ ಆರಿಸಿ, ಗುಡಾರದ ನೆತ್ತಿಯ ಹೊಗೆಕಿಂಡಿ ಮುಚ್ಚಿ, ಸಂದಿಗೆಲ್ಲ ಬಟ್ಟೆ ತುರುಕಿ ಕತ್ತಲೆಯಲ್ಲಿ ಕುಳಿತಳು. ಬಿಸಿಲಿರುವಾಗ ಯಾರಾದರೂ ಕಿಂಡಿ ಮುಚ್ಚುತ್ತಾರೆಯೇ? ಹೊರಗಿದ್ದ ಸೈರಾ ಗಾಬರಿಬಿದ್ದು ಓಡಿಬಂದು ಹಗ್ಗ ಜಗ್ಗಿದಳು. ಬೆಳಕು ಧೊಪ್ಪನೆ ಒಳಗೆ ಬಿತ್ತು.

"ಅಯ್ಯೋ ಅಕ್ಕಾ! ಎಲ್ಲಾ ಹೋಯ್ತು!"

"ಒಲೆ ಹೊಗೆಗೆ ನೀನೇ ಹೋದೆ ಅಂದ್ಕೊಂಡೆ ಕಣೇ!"

ಇನ್ನೊಂದು ರೀಲು ಇತ್ತು; ಹಿಮ ಮಾತ್ರ ದಿನದಿನಕ್ಕೆ ಇಳಿಯುತ್ತಿತ್ತು. ಮರುದಿನ ಬೆಳಗ್ಗೆ ಸೈರಾ ತಾನೇ ಕುದುರೆ ಹತ್ತಿ ಜೊತೆಗೆ ಹೋದಳು. ಬಳ್ಳಿ ಸಣ್ಣಗಾಗಿತ್ತು, ಆದರೆ ಕಡಿದಿರಲಿಲ್ಲ. ಚಿತ್ರ ತೆಗೆದು ಹಿಂದಿರುಗಿ ಜಿಪಾರ್ ರೀಲು ತೊಳೆಯಲು ಕುಳಿತಾಗ, ಸೈರಾ ಕಿಂಡಿಯ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಬಾಗಿಲಲ್ಲೇ ಕಾವಲು ಕುಳಿತಳು. ಚಹಾ ಕೇಳಿಕೊಂಡು ಬಂದ ತಮ್ಮನನ್ನು "ಹೋಗೋ, ಕೆರೆ ನೀರು ಕುಡಿ" ಎಂದು ಅಟ್ಟಿದಳು.

ಜಿಪಾರ್ ಹಸಿ ರೀಲನ್ನು ಹೊರಗೆ ತಂದು ಆಕಾಶಕ್ಕೆ ಹಿಡಿದಳು. ಅದರಲ್ಲಿ ಹಿಮ ಕಪ್ಪಾಗಿತ್ತು, ಗುಡ್ಡ ಬೆಳ್ಳಗಾಗಿತ್ತು. ಸೂಜಿಗೆ ದಾರ ಪೋಣಿಸುವ ಹಾಗೆ ಸೈರಾ ಒಂದು ಕಣ್ಣು ಮುಚ್ಚಿ ನೋಡಿದಳು. ರೀಲು ನೋಡಿದಳು, ಗುಡ್ಡ ನೋಡಿದಳು, ಮತ್ತೆ ರೀಲು ನೋಡಿದಳು.

"ಅರೆ, ಇದು ನಾನು ಮಾಡೋ ಕೆಲಸಾನೇ ಅಲ್ವೇನೇ! ಕರೀದು ಬಿಳೀಗೆ, ಬಿಳೀದು ಕರೀಗೆ. ನಡುವಿನ ಜಾಗಾನೂ ಇನ್ನೊಂದು ಬಳ್ಳಿ ನೋಡು. ಒಂದು ಚೂರೂ ದಂಡ ಆಗಲ್ಲ."

"ಹಾಗಾದ್ರೆ ಕತ್ತರಿಸ್ತೀಯಾ ಅಕ್ಕಾ?"

"ಸೀಮೆಸುಣ್ಣ ಎಲ್ಲಿಟ್ಟೆ? ಕಲಿಪಾನ ಕೂಗು, ಉಣ್ಣೆಯ ತುದಿ ಹಿಡ್ಕೊಳ್ಳಲಿ. ನೀನು ಆ ರೀಲನ್ನ ಅಲ್ಲಾಡಿಸದೆ ಹಾಗೇ ಹಿಡಿದಿರು."